ಸಂಜೆಯ ಗ್ರಹಣ

ಅಗೋ ಬಂತು, ಚಾಪೆಯ ಮೇಲಿದ್ದ ಬಿಸಿಲನ್ನು ಯಾರೋ ಒರೆಸಿಹಾಕಿದ ಹಾಗೆ, ಮತ್ತೆ ಬಿಸಿಲು, ಮತ್ತೆ ನೆರಳು — ಗುಡ್ಡದ ಮೇಲಿನ ಕರೆಂಟಿನ ಗಾಳಿಫ್ಯಾನಿನ ಹಿಂದೆ ಹೊತ್ತು ಇಳಿಯಿತೆಂದರೆ ಶುರು, ಒಂದೊಂದು ರೆಕ್ಕೆಯ ನೆರಳೂ ತೆಂಗಿನ ತೋಟ ದಾಟಿ ನೇರ ನಮ್ಮ ಮನೆಯೊಳಕ್ಕೇ ಬರುತ್ತದೆ, ಕಿಟಕಿಗೆಲ್ಲ ಅತ್ತೆ ಗೋಣಿಚೀಲ ಹೊಡೆದಿದ್ದಾರೆ, ಸೂರಿನ ಗಾಜಿನ ಹೆಂಚೊಂದನ್ನು ಮರೆತರು, ಈಗ ಅದರಿಂದಲೇ ಇಳಿಯುತ್ತಿದೆ, ನನ್ನ ಪಾದದ ಮೇಲೆ, ಮೊಣಕಾಲಿನ ಮೇಲೆ. ಏಳಬೇಕು, ಏಳಲಾರೆ, ಬೆಳಗಿನಿಂದ ಹೊಟ್ಟೆಯೊಳಗೆ ಮಗು ಹೊರಳಿಲ್ಲ. ಎಡಮಗ್ಗುಲಿಗೆ ಮಲಗಿದೆ, ಬೆಲ್ಲದ ನೀರು ಕುಡಿದೆ, ಕೈಯಿಟ್ಟು ಕಾದೆ, ಬೀಗ ಹಾಕಿದ ಮನೆಯ ಹಾಗಿದೆ ಒಳಗೆ. ಹೆದರಿಕೆಯಾಗುತ್ತಿದೆ ನನಗೆ, ಯಾರಾದರೂ ಬರಬಾರದೇ, ನಮ್ಮ ಮನೆಯವರು ಆ ಫ್ಯಾನಿನ ಕಾವಲಿನವರು, ಕಂಪನಿ ಜೀಪು ಕೇಳ್ಕೊಂಡು ಬತ್ತೀನಿ ಮೇಘಾ, ಅರಸೀಕೆರೆ ಆಸ್ಪತ್ರೆಗೆ ಹೋಗಾಣ, ಎಂದು ಹೋದವರು ಇನ್ನೂ ಪತ್ತೆಯಿಲ್ಲ. ಅತ್ತೆಯೂ ಹಿಂದೆಯೇ ಗುಡ್ಡ ಹತ್ತಿದರು, ಆ ಇಂಜಿನಿಯರಪ್ಪನ ಕಾಲಿಗಾದ್ರೂ ಬೀಳ್ತೀನಿ, ಹೊತ್ತು ಮುಳುಗೋಗಂಟ ಆ ಫ್ಯಾನ ನಿಲ್ಸಪ್ಪ ಅಂತೀನಿ, ನೀನು ಕದಲಬ್ಯಾಡ ಕಣೇ.

ಕದಲಿಲ್ಲ ಅತ್ತೆ, ಈಗ ನೀವು ಹೇಳಿದ ಹಾಗೆಯೇ ಕೇಳುತ್ತಿದ್ದೇನೆ, ಅವತ್ತು ನಕ್ಕವಳೂ ನಾನೇ — ಈಳಿಗೆಮಣೆಯ ಮುಂದೆ ಹುರುಳಿಕಾಯಿ ಹೆಚ್ಚುತ್ತಿದ್ದೆ, ಮೊದಲ ಸಲ ನೆರಳು ಅಡಿಗೆಮನೆಗೆ ಬಂತು, ಅತ್ತೆ ಕಿರುಚಿದರು, ಎತ್ತೇ ಕೈಯ, ಗ್ರಹಣದಲ್ಲಿ ಬಸುರಿ ಹೆಚ್ತಾಳೇನೇ? ಗ್ರಹಣ ಎಲ್ಲಿ ಬಂತು ಅತ್ತೆ, ಫ್ಯಾನಿನ ನೆರಳು. ಸೂರ್ಯನ ಮರೆ ಮಾಡಿದ್ ಮ್ಯಾಲೆ ಗ್ರಹಣವೇ ಕಣೇ, ಹಿಡೀತೈತೆ ಬಿಡ್ತೈತೆ, ಹಿಡೀತೈತೆ ಬಿಡ್ತೈತೆ. ಇವರೂ ನಕ್ಕರು, ಮಠದ ಸ್ವಾಮಿಗಳೇ ಗ್ರಹಣಕ್ಕೆ ಹೆದರಬ್ಯಾಡಿ ಅಂದವ್ರೆ ಕಣವ್ವ. ಸ್ವಾಮಿಗಳು ಬಸುರಾಗಿದ್ರೇನ್ಲಾ ಯಾವಾಗ್ಲಾದ್ರೂ? ಅಂದಿನಿಂದ ಸಂಜೆಯಾದರೆ ನೀರಿನ ಹಂಡೆಗೆ ದರ್ಭೆ, ನನಗೆ ಚಾಪೆ. ನಗಬಾರದಿತ್ತು. ಫ್ಯಾನು ಕಟ್ಟುವ ಮೊದಲು, ಹಳೇಬೀಡಿನ ರಸ್ತೆಯ ತಿರುವಿನಲ್ಲಿ ರೆಕ್ಕೆ ಹೊತ್ತ ಲಾರಿ ಸಿಕ್ಕಿಹಾಕಿಕೊಂಡ ದಿನ ಊರೆಲ್ಲ ಓಡಿತ್ತು, ಅತ್ತೆಯೇ ಅದಕ್ಕೆ ಕಾಯಿ ಒಡೆದರು, ಉರಿಬಿಸಿಲು, ನಾನು ರೆಕ್ಕೆಯನ್ನು ಮುಟ್ಟಿ ನೋಡಿದೆ, ತಣ್ಣಗಿತ್ತು, ಬಾವಿಯೊಳಗಿನ ಕಲ್ಲಿನಷ್ಟು ತಣ್ಣಗೆ, ಮುಟ್ಟಿದ ಕೈಯನ್ನೇ ಹೊಟ್ಟೆಯ ಮೇಲಿಟ್ಟುಕೊಂಡಿದ್ದೆ, ಆಗಿನ್ನೂ ಯಾರಿಗೂ ಹೇಳಿರಲಿಲ್ಲ, ನನಗೊಬ್ಬಳಿಗೇ ಗೊತ್ತಿತ್ತು.

ತೊಡೆಯ ಮೇಲೆ ಬಂತು, ಈಗ ಹೊಟ್ಟೆಯ ಅಂಚಿಗೆ — ಅಯ್ಯೋ! ಒದೆಯಿತು. ಒದೆಯಿತು ಕಂದ, ನನ್ನಪ್ಪಾ, ಬದುಕಿದ್ದೀಯಾ, ಎಲ್ಲಿ ಹೋಗಿದ್ದೆಯೋ ಇಷ್ಟು ಹೊತ್ತು, ಮತ್ತೆ ಒದಿ, ಬಿಸಿಲು ಬಂತು, ಸುಮ್ಮನಾಯಿತು. ನೆರಳು, ಒದೆಯಿತು. ಬಿಸಿಲು, ಇಲ್ಲ. ನೆರಳು, ಒದೆಯಿತು. ತಪ್ಪದೆ, ಒಂದೂ ತಪ್ಪದೆ, ರೆಕ್ಕೆ ಬಂದಾಗಲೆಲ್ಲ ಅದೇ ಜಾಗದಲ್ಲಿ, ಗುಡ್ಡದಿಂದ ಯಾರೋ ಹಗ್ಗ ಜಗ್ಗಿದ ಹಾಗೆ, ಇದು ಮಗು ಒದೆಯುವುದೋ, ಬೇಡ, ಹಾಗೆಲ್ಲ ಯೋಚಿಸಬಾರದು, ಒದೆಯುತ್ತಿದೆಯಲ್ಲ, ಅಷ್ಟು ಸಾಕು, ಯಾರ ಕೈಯಿಂದಾದರೂ ಆಗಲಿ, ತಿರುಗಲಿ ಆ ಫ್ಯಾನು, ರಾತ್ರಿಯೆಲ್ಲ ತಿರುಗಲಿ, ಅತ್ತೆ ಬೇಗ ವಾಪಸ್ ಬಂದುಬಿಡಲಿ, ಆ ಇಂಜಿನಿಯರು ಸಿಗದೇ ಇರಲಿ. ನೆರಳು, ಒದೆಯಿತು. ನೆರಳು, ಒದೆಯಿತು, ಮೆಲ್ಲಗೆ, ಯಾಕೆ ಇಷ್ಟು ಮೆಲ್ಲಗೆ, ಬಿಸಿಲು ಹೆಚ್ಚು ಹೊತ್ತು ನಿಲ್ಲುತ್ತಿದೆ, ರೆಕ್ಕೆ ತಡವಾಗುತ್ತಿದೆ, ಬಾ, ಬಾ, ಬಂತು — ಗುಡ್ಡದ ಕಡೆಯಿಂದ ಅತ್ತೆಯ ದನಿ, ಏದುಸಿರು, ಸಂತೋಷ, ನಿಲ್ಸಿದ್ರು ಕಣೇ ಮೇಘಾ, ನಿಲ್ಸೇಬಿಟ್ರು, ಇನ್ನೇನ್ ಭಯ ಇಲ್ಲ! ಬೇಡ ಅತ್ತೆ, ತಿರುಗಿಸಲು ಹೇಳಿ, ಓಡಿಹೋಗಿ ಹೇಳಿ, ಹೊಟ್ಟೆಗೆ ಅಡ್ಡಲಾಗಿ ರೆಕ್ಕೆಯ ನೆರಳು, ಒದಿಯೋ ಕಂದ, ತಣ್ಣಗಿದೆ, ಒದಿಯೋ, ನೆರಳು ಕದಲುತ್ತಿಲ್ಲ