ಸೊಸೆ ಹಚ್ಚದ ದೀಪ

ಹಿತ್ತಿಲಲ್ಲಿ ಹೂಡಿದ್ದ ಒಲೆಯ ಮೇಲಿನ ಹಂಡೆಗೆ ನೀರು ಸುರಿಯುತ್ತಿದ್ದಾಗ ಪವಿತ್ರಾಳಿಗೆ ಕಣ್ಣು ಕತ್ತಲೆ ಬಂತು. ಬಿಂದಿಗೆಯನ್ನು ಕೈಬಿಡದೆ ಹಂಡೆಯ ಅಂಚು ಹಿಡಿದು ನಿಂತಳು. ಹೊಗೆಗೆ ಹಾಗಾಯಿತೆಂದು ಜನ ತಿಳಿಯಲಿ ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಜನ ತಿಳಿದದ್ದೇ ಬೇರೆ.

“ಅಳು ಕಣವ್ವಾ, ಅತ್ತು ಅಗುರ ಮಾಡ್ಕೊ,” ಅಂದಳು ಪಕ್ಕದ ಮನೆಯ ಹೆಂಗಸು. “ಅತ್ತೆ ಸೊಸೆ ಅಂದ್ರೆ ಇಂಗಿರ್ಬೇಕು.”

ಪವಿತ್ರಾ ಅಳುತ್ತಿರಲಿಲ್ಲ. ಬೆಳಗಿನ ಜಾವ ಮೈಸೂರಿನ ಆಸ್ಪತ್ರೆಯಿಂದ ಅತ್ತೆ ಪುಟ್ಟಗೌರಮ್ಮನ ದೇಹ ಕಳಲೆ ಊರಿನ ಮನೆಗೆ ಬಂದಾಗಿನಿಂದ ಅವಳಿಗೆ ನಿಂತಲ್ಲಿ ನಿಲ್ಲಲು ಆಗುತ್ತಿರಲಿಲ್ಲ. ಹಿತ್ತಿಲಿಗೆ ಹೋಗುವಳು, ಅಂಗಳಕ್ಕೆ ಬರುವಳು, ಯಾರೂ ಕೇಳದಿದ್ದರೂ ಇನ್ನೊಂದು ಚಾಪೆ ಹಾಸುವಳು, ನಡುನಡುವೆ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಳ್ಳುವಳು. ಆಯುಧಪೂಜೆ ಕಳೆದಾಗಿನಿಂದ ಅವಳಿಗೆ ರಕ್ತ ಹೋಗುವುದು ನಿಂತಿರಲಿಲ್ಲ. ಮನೆಯಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ. ನಲವತ್ತೈದು ದಾಟಿದ ಮೇಲೆ, ಮುಟ್ಟು ನಿಲ್ಲುವ ಮುಂಚೆ ಹೀಗೆಲ್ಲ ಏರುಪೇರಾಗುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಇವತ್ತು ಆ ಸಮಾಧಾನ ಒಳಗೆ ಇಳಿಯುತ್ತಿರಲಿಲ್ಲ.

ಅಂಗಳದ ಚಪ್ಪರದ ಕೆಳಗೆ ಪುಟ್ಟಗೌರಮ್ಮ ಮಲಗಿದ್ದಳು. ತವರಿನ ಸೀರೆ ತಿ. ನರಸೀಪುರದಿಂದ ಬರಬೇಕು. ಅದು ಬಾರದೆ ಮೀಯಿಸುವ ಹಾಗಿಲ್ಲ, ಎತ್ತುವ ಹಾಗಿಲ್ಲ. ಸೀರೆ ಹೊತ್ತ ಅವಳ ತಮ್ಮ ಶಿವಸ್ವಾಮಿಯ ಜೀಪು ದಾರಿಯಲ್ಲೆಲ್ಲೋ ಕೆಟ್ಟು ನಿಂತಿತ್ತು. ‘ಇನ್ನೇನು ಬಂದ್ಬುಟ್ಟೋ’ ಎಂದು ಅವನು ಫೋನಿನಲ್ಲಿ ಹೇಳುತ್ತಲೇ ಇದ್ದ. ಕಾಯುವ ಜನಕ್ಕೆ ಮಾತಲ್ಲದೆ ಬೇರೆ ಕೆಲಸವಿರಲಿಲ್ಲ.

“ಗಂಡನ್ ಮುಂದೆ, ಅರಿಸಿನ ಕುಂಕುಮ ಇಟ್ಕಂಡು ಓದ್ಳು,” ಅಂದಳು ನಿಂಗಾಜಮ್ಮ. ಪುಟ್ಟಗೌರಮ್ಮನ ಗಂಡ ಮಾದಪ್ಪನ ತಂಗಿ ಅವಳು. ಸಾವಾಗಲಿ ಮದುವೆಯಾಗಲಿ ಆ ಮನೆಯ ಶಾಸ್ತ್ರವೆಲ್ಲ ಅವಳ ಬಾಯಲ್ಲೇ ನಡೆಯುವುದು. “ಪುಣ್ಯವಂತೆ ನಮ್ಮತ್ತಿಗೆ. ಇಂಥ ಸಾವು ಯಾರ್ಗ್ ಬತ್ತದೆ?”

ಮುತ್ತೈದೆಯ ಕುಂಕುಮ ಪಡೆಯಲು ಊರಿನ ಹೆಂಗಸರು ಸಾಲುಗಟ್ಟಿದ್ದರು. ಒಬ್ಬೊಬ್ಬಳೂ ಬಗ್ಗಿ ಹಣೆಗೆ ಹಚ್ಚಿಕೊಂಡು ಪುಣ್ಯವಂತೆ ಅನ್ನುವಳು. ಹಾಗೆ ಅಂದಾಗಲೆಲ್ಲ ಪವಿತ್ರಾಳಿಗೆ ಮೈ ಉರಿದುಹೋಗುತ್ತಿತ್ತು. ಸತ್ತದ್ದು ಹೊಟ್ಟೆಯ ಗಡ್ಡೆಯಿಂದ ಎಂದು ಊರಿಗೆಲ್ಲ ಹೇಳಿ ಆಗಿತ್ತು. ಹೊಟ್ಟೆಯಲ್ಲ, ಗರ್ಭಕೋಶ. ಅಷ್ಟು ಹೇಳುವುದಕ್ಕೆ ಮನೆಯಲ್ಲಿ ಯಾರಿಗೂ ನಾಲಿಗೆ ಹೊರಳಿರಲಿಲ್ಲ.

*

ಎರಡು ವರ್ಷದ ಹಿಂದಿನ ಗೌರಿಹಬ್ಬ. ಹಿಂದಿನ ದಿನ ದೇವರ ಮನೆಯ ಬಾಗಿಲಲ್ಲೇ ನಿಂತು ಪುಟ್ಟಗೌರಮ್ಮ ಸೊಸೆಯನ್ನು ಕೂಗಿ ಕರೆದಿದ್ದಳು.

“ಇನ್ಮುಂದ್ಕೆ ದೀಪ ಹಚ್ಚೋದು, ಪೂಜೆ, ನೈವೇದ್ಯ ಎಲ್ಲಾ ನಿಂದು ಕಣವ್ವಾ. ನಂಗೆ ಮಂಡಿ ಬಗ್ಗಲ್ಲ.”

ಪವಿತ್ರಾಳಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಮದುವೆಯಾಗಿ ಬಂದಾಗಿನಿಂದ ಆ ಒಂದು ದೀಪದ ಬತ್ತಿಯನ್ನು ಮುಟ್ಟಲು ಅತ್ತೆ ಬಿಟ್ಟಿರಲಿಲ್ಲ. ಬತ್ತಿ ಹೊಸೆದು ಕೊಟ್ಟರೂ ಬಿಚ್ಚಿ ಮತ್ತೆ ಹೊಸೆಯುವ ಜಾತಿ ಅವಳು. ಅಂಥವಳು ಯಜಮಾನಿಕೆಯನ್ನು ತಾನಾಗಿ ಬಿಟ್ಟುಕೊಟ್ಟಳಲ್ಲ ಎಂದು ಊರೇ ಕೊಂಡಾಡಿತು. ಪವಿತ್ರಾ ಆ ಹಬ್ಬದಲ್ಲಿ ನೆಲಕ್ಕೆ ಕಾಲು ಸೋಕದಂತೆ ಓಡಾಡಿದಳು. ಅತ್ತೆ ಅವತ್ತೇ ಚಾಪೆ ಸುತ್ತಿಕೊಂಡು ಬಂದು ಪಡಸಾಲೆಯಲ್ಲಿ ಒಬ್ಬಳೇ ಮಲಗತೊಡಗಿದ್ದನ್ನು ಯಾರೂ ಅದಕ್ಕೆ ಜೋಡಿಸಿ ನೋಡಲಿಲ್ಲ.

ನಿಜ ತಿಳಿದದ್ದು ಈಚೆಗೆ, ಆಸ್ಪತ್ರೆಯ ಮಂಚದ ಪಕ್ಕದಲ್ಲಿ.

“ನಿಂತೋಗಿ ಅತ್ತೊರ್ಸದ ಮೇಲಾಗಿತ್ತು. ಮತ್ತೆ ಸುರುವಾಯ್ತು,” ಅಂದಿದ್ದಳು ಪುಟ್ಟಗೌರಮ್ಮ, ಗೋಡೆಯ ಕಡೆ ಮುಖ ಮಾಡಿಕೊಂಡು. “ಮೊಮ್ಮಗಳು ಶಾಲಿನಿ ದೊಡ್ಡೋಳಾಗೋ ಒತ್ನಲ್ಲಿ ಅಜ್ಜಿ ಮುಟ್ಟಾದ್ಳು ಅಂದ್ರೆ ಜನ ನಗಾಡಲ್ವಾ? ಅಂಗಿದ್ದೋಳು ದೇವ್ರ ಮನೆಗೆ ಎಂಗ್ ಓಗ್ಲಿ? ಅದ್ಕೇ ನಿಂಗ್ ಕೊಟ್ಟೆ.”

“ಆಗ್ಲೇ ಹೇಳ್ಬಾರ್ದಿತ್ತಾ ಅತ್ತೆ?”

“ಶಾಲಿನಿ ಒಸಗೆ ಮುಗೀಲಿ ಅಂದ್ಕಂಡೆ. ಆಮೇಲೆ ಕುಯ್ಲು ಬಂತು. ಆಮೇಲೆ ನಿಮ್ಮಾವುಂಗೆ ಕಣ್ಣಾಪ್ರೇಸನ್ನು. ಒಂದಲ್ಲ ಒಂದು ಇದ್ದೇ ಇರ್ತದಲ್ಲವ್ವಾ.”

ಮೊದಲೇ ಬಂದಿದ್ದರೆ ಗರ್ಭಕೋಶ ತೆಗೆದು ಉಳಿಸಿಕೊಳ್ಳಬಹುದಿತ್ತೇನೋ ಎಂದು ಡಾಕ್ಟರಮ್ಮ ಹೇಳಿದ್ದರು. ಆ ಮಾತು ಮುಗಿಸಿ ಪವಿತ್ರಾಳ ರೆಪ್ಪೆಯನ್ನು ಬೆರಳಿನಿಂದ ಕೆಳಗೆಳೆದು ನೋಡಿದ್ದರು.

“ನೀವ್ಯಾಕೆ ಇಷ್ಟು ಬಿಳಿಚಿಕೊಂಡಿದ್ದೀರಿ? ಮುಟ್ಟು ಸರಿಯಾಗಿ ಆಗ್ತಿದೆಯಾ?”

“ಎಲ್ಲಾ ಸರಿಯಾಗಿದೆ ಮೇಡಂ,” ಅಂದುಬಿಟ್ಟಿದ್ದಳು. ಒಂದು ಮನೆಗೆ ಒಂದು ಕಾಯಿಲೆ ಸಾಕು, ತಾನೂ ಮಲಗಿದರೆ ಅತ್ತೆಯನ್ನು ನೋಡುವವರು ಯಾರು ಎಂದು ಆಗ ಅನ್ನಿಸಿತ್ತು. ಹೇಳಲು ಹೆದರಿಕೆಯೂ ಆಗಿತ್ತು. ಹೆದರಿಕೆಯೇ ಹೆಚ್ಚು.

*

“ಪವಿತ್ರಾ, ಬಾ ಇಲ್ಲಿ,” ನಿಂಗಾಜಮ್ಮ ಕೂಗಿದಳು. “ಗಾಳಿಗೆ ದೀಪ ಆರೋಗದೆ. ಸೊಸೆ ಕೈಯಿಂದ್ಲೇ ಹಚ್ಬೇಕು, ಬಂದು ಹಚ್ಚು.”

ಪುಟ್ಟಗೌರಮ್ಮನ ತಲೆಯ ಬಳಿ ಅಕ್ಕಿಯ ಮೇಲಿಟ್ಟಿದ್ದ ಹಣತೆಯಿಂದ ಸಣ್ಣಗೆ ಹೊಗೆ ಏಳುತ್ತಿತ್ತು. ಪವಿತ್ರಾಳ ಕಾಲು ಮುಂದೆ ಹೋಗಲಿಲ್ಲ. ಮುಟ್ಟಾದವಳು ಹೆಣದ ದೀಪ ಹಚ್ಚಿದರೆ ಹೋದವರಿಗೆ ದಾರಿ ಕಾಣುವುದಿಲ್ಲವೆಂದು ಚಿಕ್ಕಂದಿನಿಂದ ಕೇಳಿದ್ದಳು. ನಂಬುತ್ತೇನೋ ಇಲ್ಲವೋ ಎಂದು ಅವಳು ಯಾವತ್ತೂ ಯೋಚಿಸಿರಲಿಲ್ಲ. ಈಗ ಯೋಚಿಸಲು ಹೊತ್ತೂ ಇರಲಿಲ್ಲ.

“ಶಾಲಿನಿ, ನೀನ್ ಹಚ್ಚಮ್ಮ,” ಅಂದಳು ಮಗಳಿಗೆ.

ಒಂಬತ್ತನೇ ಕ್ಲಾಸಿನ ಹುಡುಗಿ ಎದ್ದು ಬಂದು ಬೆಂಕಿಪೊಟ್ಟಣ ತೆಗೆದುಕೊಂಡಳು. ಅತ್ತು ಅತ್ತು ಮುಖ ಊದಿಕೊಂಡಿತ್ತು.

“ಮಗೀಗ್ಯಾಕವ್ವಾ? ನೀನಿಲ್ವಾ?”

“ನಂಗೆ ಬರುತ್ತೆ ಅಜ್ಜಿ,” ಅಂದಳು ಶಾಲಿನಿ. “ದೇವ್ರ ಮನೆ ದೀಪ ಈಗ ದಿನಾ ನಾನೇ ಹಚ್ಚೋದು. ಅಮ್ಮ ನಂಗೇ ಬಿಟ್ಕೊಟ್ಟಿದಾರೆ.”

ಆ ದುಃಖದ ನಡುವೆಯೂ ಹುಡುಗಿಯ ದನಿಯಲ್ಲಿ ಒಂದು ಹೆಮ್ಮೆ ಇತ್ತು. ನಿಂಗಾಜಮ್ಮ ಗಲ್ಲಕ್ಕೆ ಕೈಯಿಟ್ಟುಕೊಂಡು ಸುತ್ತ ಕೂತವರ ಕಡೆ ತಿರುಗಿದಳು.

“ನೋಡ್ರವ್ವಾ! ಅತ್ತೆ ಗುಣ ಅಂಗೇ ಸೊಸೇಗ್ ಬಂದದೆ. ನಮ್ಮತ್ತಿಗೇನೂ ಕೈಕಾಲು ಗಟ್ಟಿಯಾಗಿದ್ದಾಗ್ಲೇ ಇಂಗೇ ಬುಟ್ಕೊಟ್ಳು.”

ಶಾಲಿನಿ ಕಡ್ಡಿ ಗೀರಿದಳು. ಪವಿತ್ರಾ ಎರಡು ಹೆಜ್ಜೆ ಮುಂದೆ ಬಂದು ಅವಳ ಕೈ ಹಿಡಿದು ಕಡ್ಡಿಯನ್ನು ಊದಿ ಆರಿಸಿಬಿಟ್ಟಳು.

“ಬಿಟ್ಕೊಟ್ಟಿದ್ದಲ್ಲ ಚಿಕ್ಕತ್ತೆ.” ದನಿ ತನ್ನದಲ್ಲವೆನ್ನುವಷ್ಟು ಜೋರಾಗಿ ಬಂತು. “ಅತ್ತೇಗೆ ರಕ್ತ ಹೋಗ್ತಿತ್ತು. ಎರಡು ವರ್ಷ. ಅದಕ್ಕೇ ದೇವ್ರ ಮನೆಯಿಂದ ಈಚೆ ನಿಂತ್ರು. ಗರ್ಭಕೋಶ ಕೆಟ್ಟು ಸತ್ರು, ಹೊಟ್ಟೆ ಗಡ್ಡೆ ಅಲ್ಲ. ಈಗ ನಂಗೂ ಆಯುಧಪೂಜೆಯಿಂದ ಹೋಗ್ತಾ ಇದೆ. ನಾನೂ ಮಗಳ ಕೈಗೆ ದೀಪ ಕೊಟ್ಟು ಸುಮ್ನಿದೀನಿ.”

ಚಪ್ಪರದ ಆಚೆ ಬೀಡಿ ಸೇದುತ್ತಿದ್ದ ಗಂಡಸರೂ ತಿರುಗಿ ನೋಡಿದರು. ಆಗಷ್ಟೇ ತಲೆಗೆ ನೀರು ಹಾಕಿಕೊಂಡು ಒದ್ದೆ ಪಂಚೆಯಲ್ಲಿ, ಬರಿಮೈಯಲ್ಲಿ ನಿಂತಿದ್ದ ಅವಳ ಗಂಡ ಕುಮಾರ ನೆಲ ನೋಡತೊಡಗಿದ. ನಿಂಗಾಜಮ್ಮ ಸೆರಗನ್ನು ಬಾಯಿಗೊತ್ತಿಕೊಂಡಳು.

“ಗಂಡಸ್ರು ಕುಂತವ್ರೆ ಕಣೇ! ಇದೆಂತ ಮಾತು, ಎಂಥ ಒತ್ನಲ್ಲಿ! ಮೊದ್ಲು ಮಣ್ಣಾಗ್ಲಿ. ತಿಥಿ ಕಳೀಲಿ. ಆಮೇಲೆ ಆಸ್ಪತ್ರೆಗಾದ್ರೂ ಓಗು, ಎಲ್ಲಿಗಾದ್ರೂ ಓಗು. ಎಣ ಅಂಗಳದಲ್ಲಿಟ್ಕಂಡು ಸೊಸೆ ಒಸ್ಲು ದಾಟದುಂಟಾ?”

“ಅತ್ತೇನೂ ಇದನ್ನೇ ಹೇಳ್ತಿದ್ರು,” ಅಂದಳು ಪವಿತ್ರಾ. “ಅದು ಮುಗೀಲಿ, ಇದು ಕಳೀಲಿ ಅಂತ.”

ಆಗ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದ ಮಾವ ಮಾದಪ್ಪ ಬಾಯಿಬಿಟ್ಟ. ಹೆಣ ಬಂದಾಗಿನಿಂದ ಅವನು ಒಂದು ಮಾತೂ ಆಡಿರಲಿಲ್ಲ.

“ನಂಗೇ ಏಳ್ಲಿಲ್ಲ ಅವ್ಳು,” ಅಂದ. “ಎರಡೊರ್ಸದಿಂದ ಪಡಸಾಲೇಲಿ ಮಲೀಕತಿದ್ಳು. ನನ್ ಮೇಲೆ ಮುನಿಸ್ಕಂಡವ್ಳೆ ಅಂದ್ಕಂಡಿದ್ದೆ ಕಣವ್ವಾ. ಏನ್ ಮಾಡುದ್ನೇ ನಾನು ಅಂತ ಒಂದ್ ಮಾತು ಕೇಳಕ್ಕೂ ನಂಗೆ ಬಿಗುಮಾನ.”

ಮುದುಕ ಕಂಬ ಹಿಡಿದು ಎದ್ದ.

“ಲೇ ಕುಮಾರ, ಗಾಡಿ ತಗಿ. ಕರ್ಕಂಡ್ ಓಗು ಇವ್ಳನ್ನ.”

“ಅಪ್ಪಾ, ಅವ್ವನ್ನ ಇಂಗೆ ಬುಟ್ಟು...”

“ಅವ್ಳು ಕಾಯ್ತಾಳೆ. ಸೀರೆ ಬರ್ಲಿ, ಅವ್ಳ ತವರ್ನೋರೆಲ್ಲ ಬರ್ಲಿ. ನೀವು ವಾಪಸ್ ಬರೋಗಂಟ ಎತ್ತಕ್ಕೆ ನಾನ್ ಬುಡಲ್ಲ. ಓಗ್ಲಾ!”

ಅಂದವನೇ ತಾನೇ ಹೆಂಡತಿಯ ತಲೆಯ ಬಳಿ ಕೂತ. ಮೊಮ್ಮಗಳ ಕೈಯಿಂದ ಬೆಂಕಿಪೊಟ್ಟಣ ಇಸಿದುಕೊಂಡ. ಗಂಡ ಹಚ್ಚಬಹುದೇ ಎಂದು ಕೇಳಲು ನಿಂಗಾಜಮ್ಮ ಬಾಯಿ ತೆರೆದಳು, ಅಣ್ಣನ ಮುಖ ನೋಡಿ ಮುಚ್ಚಿಕೊಂಡಳು. ಮೊದಲ ಕಡ್ಡಿಗಳು ಮುರಿದುಹೋದವು, ಅವನು ಇನ್ನೊಂದು ಗೀರಿದ.

*

ನಂಜನಗೂಡಿನ ಆಸ್ಪತ್ರೆಯಲ್ಲಿ ಹೆಂಗಸರ ವಿಭಾಗದ ಮುಂದೆ ಸಾಲು ಉದ್ದಕ್ಕಿತ್ತು. ತುಂಬು ಬಸುರಿಯರು, ಕೂಸಿಗೆ ಮೊಲೆಯೂಡಿಸುತ್ತಿದ್ದವರು, ಹೊಟ್ಟೆ ಹಿಡಿದುಕೊಂಡು ತಾಯಿಯ ತೋಳಿಗೆ ಆತುಕೊಂಡ ಕಾಲೇಜು ಹುಡುಗಿ, ಸೊಂಟ ಬಗ್ಗಿದ ಮುದುಕಿ. ಅವರ ನಡುವೆ ಕುಮಾರ ಒಬ್ಬನೇ ಗಂಡಸು. ಸ್ಕೂಟರಿನ ಗಾಳಿಗೂ ಪಂಚೆ ಪೂರ್ತಿ ಒಣಗಿರಲಿಲ್ಲ, ಮೈಮೇಲೆ ಒಂದು ಟವೆಲು ಬಿಟ್ಟರೆ ಏನಿಲ್ಲ. ನೋಡಿದವರಿಗೆ ಸಾವಿನ ಮನೆಯಿಂದ ಬಂದವನೆಂದು ಗೊತ್ತಾಗುತ್ತಿತ್ತು. ಒಬ್ಬ ಬಸುರಿ ಹೆದರಿ ಪಕ್ಕಕ್ಕೆ ಸರಿದು ಕೂತಳು.

“ನೀವ್ ಹೊರಗಡೆ ನಿಂತಿರಿ,” ಅಂದಳು ಪವಿತ್ರಾ. ಹೆಂಗಸರ ಮಾತು ಬಂದರೆ ಎದ್ದು ಹೋಗುವವನು ಅವನು. ಮೊನ್ನೆ ತಾಯಿಯ ವಿಷಯ ಹೇಳಲು ಡಾಕ್ಟರು ಕರೆದಾಗಲೂ ಲಿಫ್ಟಿನ ಹತ್ತಿರ ಹೋಗಿ ನಿಂತಿದ್ದ.

ಅವನು ಹೋಗಲಿಲ್ಲ. ನರ್ಸು ಬಾಗಿಲಿಂದ ತಲೆ ಹಾಕಿ ಕೇಳಿದಳು.

“ಏನಮ್ಮ ತೊಂದ್ರೆ?”

ಇಡೀ ಊರಿನ ಮುಂದೆ ಹೇಳಿ ಬಂದವಳಿಗೆ ಈಗ ಎಲ್ಲ ಇಲ್ಲಿಗೇ ಬಿಟ್ಟು ಎದ್ದು ಓಡಿಹೋಗಬೇಕು ಅನ್ನಿಸಿತು. ಮನೆಯಲ್ಲಿ ಹೆಣ ಕಾಯುತ್ತಿದೆ, ನೀರು ಆರಿರುತ್ತದೆ, ಮೀಯಿಸಬೇಕು, ತವರಿನವರು ಬಂದಿರುತ್ತಾರೆ. ಹೊರಡಲು ಎಷ್ಟೊಂದು ಕಾರಣಗಳಿದ್ದವು.

“ರಕ್ತ ಓಯ್ತಾ ಅದೆ ಸಿಸ್ಟರ್,” ಅಂದ ಕುಮಾರ. ಸಾಲಿನಲ್ಲಿದ್ದವರೆಲ್ಲ ಅವನತ್ತ ತಿರುಗಿದರು. ಅವನು ದನಿ ಇಳಿಸಲಿಲ್ಲ. “ಆಯುಧಪೂಜೆಯಿಂದ ನಿಂತೇ ಇಲ್ಲ. ನಮ್ಮವ್ವುಂಗೂ ಇಂಗೇ ಆಗಿತ್ತು.”

“ಅವ್ರಿಗೆ ತೋರ್ಸಿದ್ರಾ? ಈಗೆಲ್ಲಿದಾರೆ?”

“ಮನೇಲವ್ರೆ,” ಅಂದ.

ನರ್ಸು ಅವನ ಬರಿಮೈಯನ್ನೂ ಒದ್ದೆ ಪಂಚೆಯನ್ನೂ ಆಗ ಸರಿಯಾಗಿ ನೋಡಿದಳು. ಸರದಿ ಕೇಳದೆ ಪವಿತ್ರಾಳ ಭುಜ ಹಿಡಿದು ಒಳಗೆ ಕರೆದುಕೊಂಡು ಹೋಗಿ ಮಂಚದ ಮೇಲೆ ಮಲಗಿಸಿ ಹಸಿರು ಪರದೆ ಎಳೆದಳು. ಗಂಡಸರು ಒಳಗೆ ಬರಬಾರದೆಂದು ಯಾರೋ ಆಚೆಯಿಂದ ಗದರಿದರು. ಪವಿತ್ರಾ ತಲೆ ಹೊರಳಿಸಿದಳು. ಪರದೆಯ ಅಂಚು ನೆಲದಿಂದ ಒಂದು ಗೇಣು ಮೇಲಿತ್ತು. ಅದರ ಕೆಳಗೆ ಅಂಗಳದ ಕೆಸರು ಮೆತ್ತಿಕೊಂಡ ಎರಡು ಬರಿಗಾಲು, ಬೆರಳುಗಳನ್ನು ನೆಲಕ್ಕೆ ಒತ್ತಿ ಹಿಡಿದುಕೊಂಡು, ಅಲ್ಲೇ ನಿಂತಿದ್ದವು.