ರೈಟ್ ಅಂದರೆ ಮುಂದಕ್ಕೆ

ಆ ಕಾಡಿನ ಗೇಟಿನ ಮುಂದೆ ಕಂಡಕ್ಟರಮ್ಮ ಇಳಿಸಿದ ಜನಕ್ಕೆ ಲೆಕ್ಕವಿಲ್ಲ. ಊರಂಚಿನ ರಕ್ಷಿತ ಕಾಡು ಅದು, ಅವಳ ಬಸ್ಸಿನ ಕಡೆಯ ಸ್ಟಾಪು. ಟೋಪಿ ಹಾಕಿಕೊಂಡವರು, ಕೊರಳಿಗೆ ದುರ್ಬೀನು ನೇತುಹಾಕಿಕೊಂಡವರು, ಮಕ್ಕಳನ್ನು ಎಳೆದುಕೊಂಡು ಬಂದವರು, ಎಲ್ಲರನ್ನೂ ಇಳಿಸಿ, ಬಸ್ಸು ತಿರುಗಿಸಿಕೊಂಡು ಅವಳೂ ಡ್ರೈವರೂ ಹೊರಟುಬಿಡುತ್ತಿದ್ದರು. ಡ್ರೈವರ್ ಅಂದರೆ ಬೇರೆ ಯಾರೋ ಅಲ್ಲ, ಅವಳ ಗಂಡನೇ. ಒಂದೇ ಬಸ್ಸಿನಲ್ಲಿ ದುಡಿದು ಒಂದೇ ವರ್ಷ ರಿಟೈರ್ ಆಗಿ ಮನೆ ಸೇರಿದವರು. ಒಳಗೆ ಏನಿದೆ ಅಂತ ಇಬ್ಬರೂ ಒಂದು ದಿನವೂ ಇಣುಕಿದ್ದಿಲ್ಲ. ರಿಟೈರ್ ಆದಮೇಲೆ ನೋಡೋಣ ಬಿಡು ಅನ್ನುತ್ತಿದ್ದ ಅವನು. ರಿಟೈರ್ ಆದಮೇಲೆ ನೋಡುವುದಕ್ಕೆ ಕಣ್ಣೇ ಉಳಿಯಲಿಲ್ಲ.

ಕಣ್ಣಿನ ನರ ಒಣಗಿದೆ, ಹೋದ ನೋಟ ಬರುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಅವನು ಹೊಸ್ತಿಲು ದಾಟಿರಲಿಲ್ಲ. ಬೆಳಕು ಯಾವುದು ಕತ್ತಲೆ ಯಾವುದು ಅಂತ ಗೊತ್ತಾಗುತ್ತಿತ್ತು, ಅಷ್ಟೇ. ಊರಿಗೆ ಊರನ್ನೇ ಹೊತ್ತು ತಿರುಗಿದ ಮನುಷ್ಯ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು, ಬೀದಿಯಲ್ಲಿ ಹಾರ್ನ್ ಮಾಡುವವರನ್ನೆಲ್ಲ ಬೈಯುತ್ತಾ ದಿನ ತಳ್ಳುತ್ತಿದ್ದ. ಕೋಲು ತಂದುಕೊಟ್ಟರೆ ಬಾಗಿಲ ಹಿಂದಕ್ಕೆ ಎಸೆದ. ಕೈ ಹಿಡಿಯಲು ಹೋದರೆ ಕೊಡವಿದ. ಕಂಡಕ್ಟರಮ್ಮನೇನು ಕಡಿಮೆಯೇ? ಅವಳಿಗೂ ಕೋಪ ಮೂಗಿನ ತುದಿಯಲ್ಲೇ. ಆ ಕಾಡಿಗೆ ಹೋಗೋಣ, ಗಾಡಿಗಳ ಕಾಟವಿಲ್ಲ, ಹಳ್ಳ ದಿಣ್ಣೆ ಇಲ್ಲ, ಕೂಸುಗಳೂ ನಡೆಯುವ ದಾರಿಯಂತೆ, ಎದ್ದೇಳಿ ಅಂತ ಒಂದು ಬೆಳಿಗ್ಗೆ ಪಟ್ಟು ಹಿಡಿದು ಕೂತಳು. ಅವನು ಷೂ ಮೆಟ್ಟುವಾಗ ಒಂದೇ ಮಾತು ಹೇಳಿದ.

"ಬರ್ತೀನಿ. ಆದ್ರೆ ಅಲ್ಲಿ ನಾಲ್ಕು ಜನದ ಮುಂದೆ ಬಿದ್ದೆ ಅಂದ್ರೆ, ಇನ್ನು ಯಾವತ್ತೂ ನನ್ನ ಹೊರಗೆ ಕರೀಬೇಡ."

ಆಡಿದ ಮಾತಿಗೆ ತಪ್ಪುವ ಗಂಡಸಲ್ಲ ಅವನು. ಅವಳಿಗಿದ್ದ ಭಯವೂ ಅದೇ.

ಜೊತೆಗೆ ಮೈದುನನೂ ಹೊರಟ. ಅವನು ಟೈಲರು. ಅಣ್ಣನೆಂದರೆ ಜೀವ ಬಿಡುತ್ತಾನೆ, ಆದರೆ ಬಾಯಿಗೆ ಕಾಜಾನೂ ಇಲ್ಲ ಗುಂಡಿನೂ ಇಲ್ಲ. ದಾರಿಯುದ್ದಕ್ಕೂ ಅಣ್ಣನಿಗೆ ಕಾಡಿನ ಗುಣಗಾನ ಮಾಡಿದ, ತಾನೂ ಅದನ್ನು ನೋಡಿದವನಲ್ಲ.

ಗೇಟಿನಲ್ಲಿ ಕಾವಲುಗಾರ ಪಾಪ ಒಳ್ಳೆಯ ಮನಸ್ಸಿನಿಂದಲೇ ಗಾಲಿಕುರ್ಚಿ ತರಲೇ ಅಂತ ಕೇಳಿದ. ಕೂತು ಓಡಿಸಿದ್ದು ಸಾಕಾಗಿದೆ ಮಾರಾಯ ಅಂದ ಡ್ರೈವರ್. ಅಂದನೇನೋ ಸರಿ, ಮುಂದಕ್ಕೆ ಮಾತ್ರ ಅಲ್ಲಾಡಲಿಲ್ಲ. ಕಾಲ ಕೆಳಗೆ ಹೊಸ ಮಣ್ಣು, ಸುತ್ತ ಗೊತ್ತಿಲ್ಲದ ಸದ್ದು. ನೆಟ್ಟ ಕಂಬದಂತೆ ನಿಂತುಬಿಟ್ಟ. ತಮ್ಮ ಕೈ ಚಾಚಿದ, ಅಣ್ಣ ಕೊಡವಿದ. ಹಿಂದೆ ಜನ ಸೇರಿದರು, ಒಂದು ಮಗು ಅಳತೊಡಗಿತು. ಬಾಗಿಲಲ್ಲಿ ಜನ ಒತ್ತುತ್ತಿದ್ದಾರೆ, ಗಾಡಿ ನಿಂತಿದೆ! ಇಷ್ಟು ಸಾಕಾಯಿತು ಕಂಡಕ್ಟರಮ್ಮನಿಗೆ. ಯೋಚನೆ ಮಾಡುವ ಮೊದಲೇ ಅವಳ ಬಾಯಿಂದ ಹಳೆಯ ಗಂಟಲಿನಲ್ಲಿ ಒಂದು ಮಾತು ಹೊರಬಿತ್ತು.

"ರೈಟ್!"

ಅವನ ಕಾಲು ಎದ್ದಿತು. ಮತ್ತೊಂದು ಎದ್ದಿತು. ಗಾಡಿ ಹೊರಟೇ ಹೋಯಿತು.

ಅವರಿಬ್ಬರ ಭಾಷೆಯಲ್ಲಿ ರೈಟ್ ಅಂದರೆ ಮುಂದಕ್ಕೆ ಹೋಗಲಿ ಅಂತ, ಹೋಲ್ಡಾನ್ ಅಂದರೆ ನಿಲ್ಲಲಿ ಅಂತ. ತಿರುಗಬೇಕಾದರೆ ಎಡಕ್ಕೆ, ಬಲಕ್ಕೆ. ಸಂಸಾರದಲ್ಲಿ ಎಷ್ಟೋ ಮಾತಿಗೆ ಜಗಳವಾಗಿತ್ತು, ಈ ನಾಲ್ಕು ಮಾತಿಗೆ ಮಾತ್ರ ಎಂದೂ ಆಗಿರಲಿಲ್ಲ. ಹಳದಿ ಬಾಣ ಬರೆದ ಸುಲಭದ ದಾರಿಯಲ್ಲಿ ಅವನು ಮುಂದೆ, ಅವಳು ಹಿಂದೆ. ಬೇರು ಅಡ್ಡ ಬಂದರೆ "ಮುಂದೆ ಹಂಪು" ಅಂದಳು. ಅವನು ನಿಧಾನ ಮಾಡಿ ಕಾಲೆತ್ತಿ ದಾಟಿದ. ಎದುರಿಗೆ ಜನ ಬಂದರೆ ಎಡಕ್ಕೆ ಸರಿಸಿದಳು. ವರ್ಷಗಟ್ಟಲೆ ಹಿಂದಿನಿಂದ ನೋಡಿದ ಬೆನ್ನು ಅದು. ಮನೆಯ ಕುರ್ಚಿಯಲ್ಲಿ ಗೂನಾಗಿ ಹೋಗಿದ್ದ ಬೆನ್ನು ಬಿದಿರು ಮೆಳೆ ದಾಟುವ ಹೊತ್ತಿಗೆ ನೆಟ್ಟಗಾಗಿತ್ತು. ಅವಳಿಗೆ ಹಾಡು ಹೇಳಬೇಕು ಅನ್ನಿಸುವಷ್ಟು ಖುಷಿಯಾಯಿತು. ಯಾವುದೋ ಹಕ್ಕಿ ಕೂಗಿತು. ಅದು ಯಾವುದೋ ಅಂತ ಅಣ್ಣ ಕೇಳಿದರೆ, ಹಸಿರಾಗಿದೆ ಅಂತ ತಮ್ಮ ಉತ್ತರ ಕೊಟ್ಟ. ಹಕ್ಕಿ ಕಂಡೇ ಇರಲಿಲ್ಲ, ಅವನು ಹೇಳಿದ್ದು ಎಲೆಯ ಬಣ್ಣ.

ಕೆರೆಯ ಹತ್ತಿರ ಅವಳ ಷೂ ಒಳಗೆ ಕಲ್ಲು ಸೇರಿತು. ಹೋಲ್ಡಾನ್ ಅಂದು, ಬೆಂಚಿನ ಮೇಲೆ ಕೂತು ಷೂ ಬಿಚ್ಚಿದಳು. ಅಷ್ಟರಲ್ಲಿ ಮೈದುನನಿಗೆ ಉಮೇದು ಬಂತು. ಅತ್ತಿಗೆ ಮಾಡುವ ಕೆಲಸ ತನಗೆ ಬರುವುದಿಲ್ಲವೇ? ನೀವು ಆರಾಮಾಗಿ ಬನ್ನಿ, ನಾನು ನೋಡ್ಕೋತೀನಿ ಅಂದವನೇ ಅಣ್ಣನಿಗೆ ಸಲೀಸಾಗಿ "ರೈಟ್" ಕೊಟ್ಟ. ಅಣ್ಣ ಹೊರಟ. ಹತ್ತು ಮಾರು ಹೋಗುವಷ್ಟರಲ್ಲಿ ದಾರಿ ಬಲಕ್ಕೆ ತಿರುಗಿತು, ನೇರಕ್ಕೆ ಕೆರೆ. ತಮ್ಮ ಗಾಬರಿಯಿಂದ ಕೂಗಿದ.

"ಅಣ್ಣಾ, ರೈಟ್! ರೈಟ್!"

ರೈಟ್ ಮೇಲೆ ರೈಟ್ ಬಿದ್ದರೆ ಡ್ರೈವರ್ ಏನು ಮಾಡಬೇಕು? ವೇಗ ಹೆಚ್ಚಿಸಿದ. ತಮ್ಮ ಇನ್ನೂ ಜೋರಾಗಿ ಕೂಗಿದ, ಅಣ್ಣ ಇನ್ನೂ ಜೋರಾಗಿ ನಡೆದ. ಕಂಡಕ್ಟರಮ್ಮ ತಲೆ ಎತ್ತಿ ನೋಡಿದಾಗ ಗಂಡ ದಾರಿ ಬಿಟ್ಟು ಎದೆಯುಬ್ಬಿಸಿಕೊಂಡು ನೀರಿನ ಕಡೆಗೇ ಇಳಿಯುತ್ತಿದ್ದ. ಒಂದು ಕಾಲಿಗೆ ಷೂ, ಒಂದು ಕಾಲಿಗೆ ಬರಿ ಕಾಲುಚೀಲ, ಎದ್ದುಬಿದ್ದು ಓಡಿದಳು.

"ಹೋಲ್ಡಾನ್!"

ಕೆರೆಯ ಬಾತುಗಳೆಲ್ಲ ಹಾರಿಹೋದವು. ಅವನು ಗಕ್ಕನೆ ನಿಂತ. ಒಂದು ಕಾಲು ಹುಲ್ಲಿನ ಮೇಲಿತ್ತು, ಇನ್ನೊಂದು ಕೆಸರಿನಲ್ಲಿ ಹೂತು ಜಾರುತ್ತಿತ್ತು. ದಡದ ಮೇಲಿನ ಜನ ಮಾತು ನಿಲ್ಲಿಸಿ ಇತ್ತ ತಿರುಗಿದರು. ರೈಟ್ ಅಂದರೆ ಬಲಗಡೆ ಅಂತ ತಾನೆ ಅತ್ತಿಗೆ ಅಂತ ಮೈದುನ ತಲೆಯ ಮೇಲೆ ಕೈ ಹೊತ್ತು ಅಳುವುದೊಂದು ಬಾಕಿ. ಅವಳು ಗಂಡನ ತೋಳಿಗೆ ಕೈ ಚಾಚಿದವಳು ಹಾಗೇ ತಡೆದಳು. ಹಿಡಿದರೆ ಅವನು ಬೀಳುವುದಿಲ್ಲ, ಆದರೆ ನಾಲ್ಕು ಜನದ ಮುಂದೆ ಕೈ ಹಿಡಿಸಿಕೊಂಡ ಅವಮಾನಕ್ಕೆ ನಾಳೆಯಿಂದ ಮತ್ತೆ ಆ ಕುರ್ಚಿಯೇ ಗತಿ. ಹಿಡಿಯದೆ ಅವನು ಬಿದ್ದರೂ ಕುರ್ಚಿಯೇ ಗತಿ. ಅವಳಿಗೆ ಅಳು ಬಂತು, ನುಂಗಿಕೊಂಡಳು.

"ಕಂಡಕ್ಟ್ರೇ," ಅಂದ ಅವನು.

ಕಣ್ಣು ಹೋದಮೇಲೆ ಆ ಮಾತು ಅವನ ಬಾಯಲ್ಲಿ ಬಂದೇ ಇರಲಿಲ್ಲ. ಮನೆಯಲ್ಲಿ ಅವಳು ಬರೀ "ಏ" ಆಗಿದ್ದಳು.

"ಹಿಂದೆ ಯಾರಾದ್ರೂ ಇದಾರಾ ನೋಡಿ. ರಿವರ್ಸ್ ತಗೋಬೇಕು."

ಅವಳು ಚಾಚಿದ್ದ ಕೈ ಹಿಂದಕ್ಕೆ ತೆಗೆದುಕೊಂಡಳು. ಮೈದುನನನ್ನು ಕಣ್ಣಲ್ಲೇ ಪಕ್ಕಕ್ಕೆ ಸರಿಸಿದಳು.

"ಯಾರೂ ಇಲ್ಲ. ಬರ್ಲಿ... ಬರ್ಲಿ... ಸ್ವಲ್ಪ ಎಡಕ್ಕೆ ಹೊಡೀರಿ... ಬರ್ಲಿ, ಬರ್ಲಿ... ಹೋಲ್ಡಾನ್."

ಕೆಸರು ಪಚಕ್ ಎಂದು ಕಾಲು ಬಿಟ್ಟಿತು. ಅವನು ಒಂದೊಂದೇ ಹೆಜ್ಜೆ ಹಿಂದಕ್ಕೆ ಬಂದು ಗಟ್ಟಿ ದಾರಿಯ ಮೇಲೆ ನಿಂತ. ಹಣೆಯ ಮೇಲೆ ಬೆವರಿತ್ತು, ಒಂದು ಷೂ ಕಣ್ಣಿಗೆ ಕಾಣದಷ್ಟು ಕೆಸರಾಗಿತ್ತು. ಮೈದುನ ವಾಪಸ್ ಮನೆಗೆ ಹೋಗಿಬಿಡೋಣ ಅಂತ ಗೊಣಗಿದ.

ಡ್ರೈವರ್ ಅವನ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. "ಬಿದ್ನಾ?" ಅಂತ ಹೆಂಡತಿಯನ್ನು ಕೇಳಿದ.

"ಎಲ್ಲಿ ಬಿದ್ರಿ? ಒಂದು ಚಕ್ರ ಕೆಸರಿಗೆ ಇಳಿದಿತ್ತು, ಅಷ್ಟೇ."

"ಮತ್ತೆ ಯಾಕೆ ಗಾಡಿ ನಿಲ್ಸಿದೀರಿ? ಎಲ್ಲಾ ಹತ್ತಿದ್ರಾ?"

ಅವಳು ಬೆಂಚಿನವರೆಗೆ ಹೋಗಿ ಷೂ ಹಾಕಿಕೊಂಡು ಬಂದಳು. ಸೆರಗಿನಿಂದ ಕಣ್ಣೊರೆಸಿಕೊಂಡು, ಮುಂದಿನ ಹಳದಿ ಬಾಣ ಎಲ್ಲಿದೆ ಅಂತ ನೋಡಿಕೊಂಡಳು.

"ಎಲ್ಲಾ ಹತ್ತಿದ್ರು. ಬಲಕ್ಕೆ ತಿರುಗ್ಲಿ... ಸಾಕು. ರೈಟ್."

ಅವನು ಹೊರಟ. ಮೈದುನ ತುಟಿ ಹೊಲಿದುಕೊಂಡು ಕಂಡಕ್ಟರಮ್ಮನ ಹಿಂದೆ ನಡೆದ.