ದೊರೆಯ ತಂಪಂಗಿ

ನನ್ನ ಗಂಡ ಮದುವೆಗೆ ಮುಂಚಿನಿಂದಲೂ ನಾಯಿಯ ಹಿಂದೆ ನಡೆದೇ ಸಂಬಳ ತಂದವರು. ಗೋದಾಮಿನ ಕಾವಲು ನಾಯಿಯ ಸರಪಳಿ ಹಿಡಿದು ದಿನಕ್ಕೆ ನಾಲ್ಕಾರು ಸಲ ಅಂಗಳ ಸುತ್ತುವುದು ಅವರ ಉದ್ಯೋಗ. ನಾನು ಅದೇ ಗೋದಾಮಿನ ಪ್ಯಾಕಿಂಗ್ ಶೆಡ್ಡಿನಲ್ಲಿ ರಟ್ಟಿನ ಪೆಟ್ಟಿಗೆಗಳಿಗೆ ಟೇಪು ಅಂಟಿಸುತ್ತೇನೆ. ನನ್ನ ಮೇಜು ಹಿತ್ತಲ ಕಡೆಯ ಕಿಟಕಿಗೆ ಅಂಟಿಕೊಂಡಿದೆ. ಹಾಗಾಗಿ ಗಂಡ ಕೆಲಸದ ಹೊತ್ತಿನಲ್ಲಿ ಏನೇನು ಮಾಡುತ್ತಾರೆ ಎಂಬುದು ನನ್ನಷ್ಟು ಚೆನ್ನಾಗಿ ಬೇರಾವ ಹೆಂಡತಿಗೂ ಗೊತ್ತಿರಲಾರದು.

ಈಗಿನ ನಾಯಿಗೆ ಎಲ್ಲರೂ ದೊರೆ ಎನ್ನುತ್ತಾರೆ. ಮೈತುಂಬ ಕಂಬಳಿಯಂಥ ಕೂದಲು, ದಪ್ಪ ಕುತ್ತಿಗೆ, ಹೊತ್ತಿಗೆ ಸರಿಯಾಗಿ ಊಟ, ಊಟವಾದ ಮೇಲೆ ಯಾರೂ ಮಾತಾಡಿಸಬಾರದು. ನನ್ನ ಗಂಡನಿಗೆ ಅದೆಂದರೆ ಪ್ರಾಣ. ನನಗೆ ಜ್ವರ ಬಂದಾಗ 'ಮಾತ್ರೆ ತಗೊಂಡ್ಯಾ?' ಎಂದು ಬಾಗಿಲಲ್ಲೇ ನಿಂತು ಕೇಳುವ ಮನುಷ್ಯ, ದೊರೆ ಸೀನಿದರೆ ರಜೆ ಹಾಕುತ್ತಾರೆ. ಮೊದಮೊದಲು ಹೊಟ್ಟೆ ಉರಿಯುತ್ತಿತ್ತು. ಆಮೇಲೆ ಅಭ್ಯಾಸವಾಯಿತು.

ಈ ಬೇಸಿಗೆಯಲ್ಲಿ ಇಬ್ಬರಿಗೂ ಒಟ್ಟಿಗೇ ಕಾಲ ಕೂಡಿ ಬಂದಿತ್ತು. ಗಂಡನಿಗೆ ನಿವೃತ್ತಿ, ದೊರೆಗೆ ಪರೀಕ್ಷೆ. ವಯಸ್ಸಾದ ನಾಯಿಯನ್ನು ನಡು ಮಧ್ಯಾಹ್ನ ಅಂಗಳದ ಸುತ್ತ ನಡೆಸುತ್ತಾರೆ. ಎಲ್ಲೂ ಕೂರದೆ ಒಂದು ಸುತ್ತು ಮುಗಿಸಿದರೆ ಅದು ಇನ್ನೂ ದುಡಿಯಬೇಕು. ನಡುವೆ ಕೂತರೆ ಕೆಲಸಕ್ಕೆ ಬಾರದ್ದು ಎಂದು ಸರಪಳಿ ಹಿಡಿದವನಿಗೇ ಕೊಟ್ಟು ಕಳಿಸುತ್ತಾರೆ. ಗಂಡ ಇದನ್ನೇ ಕಾಯುತ್ತಿದ್ದರು. ಹೋದ ಬೇಸಿಗೆಯಲ್ಲೇ ದೊರೆ ಅರ್ಧ ಸುತ್ತಿಗೆ ನಾಲಿಗೆ ಚಾಚಿ ಕೂತು, ಇನ್ನರ್ಧವನ್ನು ನಾಳೆ ನೋಡೋಣ ಎನ್ನುವ ಮುಖ ಮಾಡುತ್ತಿತ್ತು. ಈ ಸಲ ಅದು ಸೋಲುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ.

"ಮನೇಲಿ ಎಲ್ಲಿ ಮಲಗತ್ತೆ ಅದು?" ಎಂದು ನಾನು ಕೇಳಿದೆ.

"ನನ್ನ ಮಂಚದ ಕೆಳಗೆ."

"ಆ ಮಂಚದ ಮೇಲೆ ನಾನೂ ಮಲಗ್ತೀನಿ, ಜ್ಞಾಪಕ ಇದೆಯಾ?"

"ನಿನಗೇನೂ ತೊಂದರೆ ಕೊಡಲ್ಲ ಬಿಡು, ನಿನ್ನಷ್ಟು ಗೊರಕೆ ಹೊಡಿಯಲ್ಲ" ಎಂದರು. ನಾನು ಮೂಗು ಮುರಿದೆ. ಆದರೆ ಒಳಗೊಳಗೇ ನನಗೂ ಅದು ಬರಲಿ ಎಂದೇ ಇತ್ತು. ನಾಯಿಯಿಲ್ಲದೆ ಈ ಮನುಷ್ಯ ಮನೆಯಲ್ಲಿ ಗೋಡೆ ನೋಡುತ್ತಾ ಕೂತುಬಿಡುತ್ತಾರೆ ಎಂದು ನನಗೆ ನಿಜಕ್ಕೂ ಭಯವಾಗಿತ್ತು.

ಅಷ್ಟರಲ್ಲಿ ಮ್ಯಾನೇಜರು ದೊರೆಗೊಂದು ತಂಪಂಗಿ ತರಿಸಿದರು. ತಗಡಿನ ಸೂರಿನ ಕೆಳಗೆ ನಾವು ಮೂವತ್ತು ಜನ ಹೆಂಗಸರು ಬೇಯುತ್ತಿದ್ದೆವು. ಒಂದು ಫ್ಯಾನು ಕೇಳಿದ್ದಕ್ಕೆ 'ನೋಡೋಣ' ಎಂದಿದ್ದವರು ನಾಯಿಗೆ ಅಂಗಿ ತರಿಸಿದ್ದರು. ಬಿಳಿ ಬಣ್ಣ, ಹೊಟ್ಟೆಯ ಕೆಳಗೆ ಪಟ್ಟಿ, ಬೆನ್ನಿನ ಮೇಲೆ ದೊಡ್ಡ ಅಕ್ಷರದಲ್ಲಿ ಕಂಪನಿಯ ಹೆಸರು. ನಮ್ಮ ಹೊಟ್ಟೆಗೆ ಬೆಂಕಿ ಬಿದ್ದರೂ ನೋಡಲು ಚೆನ್ನಾಗಿಯೇ ಇತ್ತು.

ಅದರ ಕವರಿನ ಮೇಲೆ ಮೂರು ಚಿತ್ರಗಳಿದ್ದವು: ಅಂಗಿಯನ್ನು ಬಕೆಟ್ಟಿನಲ್ಲಿ ಅದ್ದುವುದು, ಹಿಂಡುವುದು, ನಾಯಿಗೆ ತೊಡಿಸುವುದು. ಬಟ್ಟೆ ಕುಡಿದ ನೀರು ಆರುತ್ತಾ ಹೋದ ಹಾಗೆ ನಾಯಿಯ ಮೈ ತಣ್ಣಗಾಗುತ್ತದೆ. ಇದು ಕೈಕೂಸಿಗೂ ತಿಳಿಯುವ ವಿಷಯ. ಗಂಡ ಅಂಗಿಯನ್ನು ನಲ್ಲಿಯ ಕೆಳಗೆ ಹಿಡಿದರು. ಮ್ಯಾನೇಜರು ಓಡಿ ಬಂದರು.

"ಏಯ್, ನೆನೆಸ್ಬೇಡ್ರೀ! ಒದ್ದೆ ಆದ್ರೆ ಬಟ್ಟೆ ಮಂಕಾಗತ್ತೆ, ಹೆಸರು ಕಾಣಲ್ಲ."

"ಚಿತ್ರದಲ್ಲಿ ನೆನೆಸಿದಾರಲ್ಲ ಸರ್."

"ಚಿತ್ರ ಇರೋದು ಅಂದಕ್ಕೆ. ತಂಪಂಗಿ ಅಂದ ಮೇಲೆ ತಂಪು ಅದರೊಳಗೇ ಇರತ್ತೆ. ಒಣಗಿದ್ದೇ ಹಾಕಿ."

ಒಣಗಿದ್ದೇ ಹಾಕಿದರು. ಕಂಬಳಿಯ ಮೇಲೆ ಇನ್ನೊಂದು ಕಂಬಳಿ ಹೊದಿಸಿದ ಹಾಗಾಯಿತು. ಎರಡು ದಿನ ದೊರೆ ಅಂಗಳದಲ್ಲಿ ತೂರಾಡಿತು. ಮೂರನೆಯ ದಿನ ಗಂಡ ಹಿತ್ತಲ ನಲ್ಲಿಯ ಹತ್ತಿರ, ಸರಿಯಾಗಿ ನನ್ನ ಕಿಟಕಿಯ ಎದುರು ನಿಂತು, ಅತ್ತಿತ್ತ ನೋಡಿ, ಅಂಗಿಯ ಹೊಟ್ಟೆಯ ಭಾಗವನ್ನೂ ಎದೆಯ ಭಾಗವನ್ನೂ ತೊಪ್ಪೆಯಾಗಿ ನೆನೆಸಿದರು. ಬೆನ್ನು ಒಣಗಿಯೇ ಇತ್ತು, ಹೆಸರು ಫಳಫಳ ಹೊಳೆಯುತ್ತಿತ್ತು. ಅಂದಿನಿಂದ ಇದೇ ಕೆಲಸ. ಮ್ಯಾನೇಜರು ಮುಂಬಾಗಿಲಿನ ಕಡೆಯಿಂದ ನೋಡಿ, ತಾವು ತರಿಸಿದ ಅಂಗಿಯ ಮಹಿಮೆಯನ್ನು ಕಂಡಕಂಡವರ ಮುಂದೆ ಕೊಚ್ಚಿಕೊಂಡರು. ದೊರೆಗೆ ಹರೆಯ ಮರಳಿತು. ಪಾರಿವಾಳಗಳನ್ನೂ ಅಟ್ಟಿಸಿಕೊಂಡು ಹೋಗಲು ಶುರುಮಾಡಿತು.

ನಾನು ಮನೆಯಲ್ಲಿ ತಲೆ ಚಚ್ಚಿಕೊಂಡೆ.

"ಅಲ್ರೀ, ನಾಯಿ ಸೋಲಬೇಕು ಅಂತೀರ, ನೀವೇ ಅದನ್ನ ಪೈಲ್ವಾನ್ ಮಾಡ್ತಿದ್ದೀರಲ್ಲ!"

"ಏದುಸಿರು ಬಿಡೋದನ್ನ ನೋಡಕ್ಕಾಗಲ್ಲ ಕಣೇ."

"ದಿನಾ ಅಂಗಿ ನೆನೆಸಿ, ಬೇಡ ಅನ್ನಲ್ಲ. ಪರೀಕ್ಷೆ ದಿನ ಮಾತ್ರ ಮ್ಯಾನೇಜರ್ ಹೇಳಿದ ಹಾಗೆ ಕೇಳಿ. ಒಣ ಅಂಗಿ ಹಾಕಿ. ಅರ್ಧ ಸುತ್ತಿಗೆ ಕೂತ್ಕೊಳತ್ತೆ, ತಕ್ಷಣ ಬಿಚ್ಚಿ ನೀರು ಹಾಕಿ ಮನೆಗೆ ಕರ್ಕೊಂಡ್ಬನ್ನಿ. ಮೇಲಿನವರ ಮಾತು ಕೇಳಿದ್ದಕ್ಕೆ ಯಾರು ಬೈತಾರೆ?"

ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ. ಗಂಡ ಕೊನೆಗೆ, "ಅರ್ಧ ಸುತ್ತು ತಾನೇ, ಹಲ್ಲು ಕಚ್ಚಿ ತಡ್ಕೋತೀನಿ" ಎಂದು ಒಪ್ಪಿದರು.

ಪರೀಕ್ಷೆಯ ದಿನ ಮುಂದಿನ ಅಂಗಳದ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಮ್ಯಾನೇಜರೂ ಪಶುವೈದ್ಯರೂ ತಣ್ಣನೆಯ ಶರಬತ್ತು ಕುಡಿಯುತ್ತಾ ಕೂತಿದ್ದರಂತೆ. ಗಂಡ ದೊರೆಯನ್ನು ಹಿಡಿದು ಗೋದಾಮಿನ ಪಕ್ಕದಿಂದ ಹಿತ್ತಲಿಗೆ ಬಂದದ್ದನ್ನು ನಾನು ಕಿಟಕಿಯಿಂದ ಕಂಡೆ. ಅಂಗಿ ಗರಿಗರಿಯಾಗಿ ಒಣಗಿತ್ತು. ದೊರೆಯ ನಾಲಿಗೆ ಒಂದು ಗೇಣು ಹೊರಗೆ ಬಂದಿತ್ತು. ಹೆಜ್ಜೆ ನಿಧಾನವಾಯಿತು. ಕೂತ್ಕೋ, ನಮ್ಮಪ್ಪ, ಕೂತ್ಕೋ ಎಂದು ನಾನು ಇಲ್ಲಿ ಟೇಪು ಹಿಡಿದುಕೊಂಡು ಜಪಿಸುತ್ತಿದ್ದೆ.

ಅದು ಕೂರಲಿಲ್ಲ. ನಲ್ಲಿಯ ಹತ್ತಿರ ನಿಂತು ತಲೆಯೆತ್ತಿ ಗಂಡನ ಮುಖ ನೋಡಿತು. ದಿನಾ ಅಲ್ಲೇ ಅಲ್ಲವೇ ನೀರು ಸಿಗುತ್ತಿದ್ದದ್ದು, ಇವತ್ತು ಯಾಕೆ ತಡ ಎನ್ನುವ ಹಾಗೆ ಕಾದು ನಿಂತಿತು. ಗಂಡ ಆಕಾಶ ನೋಡಿದರು. ನೆಲ ನೋಡಿದರು. ಆಮೇಲೆ ಒಮ್ಮೆ ನನ್ನ ಕಿಟಕಿಯ ಕಡೆ ನೋಡಿದರು. ನಾನು ಬೇಡ ಬೇಡ ಎಂದು ಎರಡೂ ಕೈ ಆಡಿಸಿದೆ. ಆ ಮಹಾನುಭಾವರು ನಲ್ಲಿ ತಿರುಗಿಸಿಯೇ ಬಿಟ್ಟರು.

ಉಳಿದರ್ಧ ಸುತ್ತನ್ನು ದೊರೆ ಓಡಿಕೊಂಡೇ ಮುಗಿಸಿತಂತೆ. ಮುಂದಿನ ಅಂಗಳದಿಂದ ಚಪ್ಪಾಳೆ ನಮ್ಮ ಶೆಡ್ಡಿನವರೆಗೆ ಕೇಳಿಸಿತು. ಮ್ಯಾನೇಜರು ನಾಯಿಯ ಜೊತೆ ಫೋಟೋ ತೆಗೆಸಿಕೊಂಡರು. ಆ ವಾರವೇ ಗಂಡ ಬರಿಗೈಯಲ್ಲಿ ನಿವೃತ್ತರಾಗಿ ಮನೆಗೆ ಬಂದರು.

"ಒಂದೇ ಒಂದು ನಿಮಿಷ ಕೈ ಕಟ್ಟಿ ನಿಲ್ಲಕ್ಕೆ ಆಗ್ಲಿಲ್ವಾ ನಿಮಗೆ?" ಎಂದು ಕೂಗಾಡಿದೆ.

"ಅದು ನನ್ನ ಮುಖ ನೋಡ್ತು" ಎಂದಷ್ಟೇ ಹೇಳಿ ಗೋಡೆಯ ಕಡೆ ತಿರುಗಿ ಕೂತರು. ಕೋಪ ಬಂದಿದ್ದು ನಿಜ. ಆದರೆ ನಲ್ಲಿ ತಿರುಗಿಸದೆ ಬಂದಿದ್ದರೆ ಈ ಮನುಷ್ಯನ ಮೇಲೆ ನನಗೆ ಇದ್ದ ಅಷ್ಟಿಷ್ಟು ಗೌರವವೂ ಹೋಗುತ್ತಿತ್ತು.

ದೊರೆಯ ಸರಪಳಿ ಹೊಸಬನ ಕೈಗೆ ಹೋಯಿತು. ಅವನು ಬಹಳ ವಿಧೇಯ. ಒಣಗಿದ್ದೇ ಹಾಕು ಎಂದರೆ ಒಣಗಿದ್ದೇ ಹಾಕುತ್ತಿದ್ದ. ನಾಯಿ ನಲ್ಲಿಯ ಹತ್ತಿರ ನಿಂತರೆ ಎಳೆದುಕೊಂಡು ಹೋಗುತ್ತಿದ್ದ. ನಾನೊಂದು ಸಲ ಕಿಟಕಿಯಿಂದ ಚೊಂಬು ನೀರು ಎರಚಿದೆ. ಅದು ಅವನ ಬೂಟಿನೊಳಗೆ ಹೋಯಿತು. ಮನೆಗೆ ಬಂದು ಗಂಡನಿಗೆ ಹೇಳಿದೆ. ಹೇಳಬಾರದಿತ್ತೋ ಏನೋ, ತಡೆಯಲಾಗಲಿಲ್ಲ.

ಮರುದಿನ ಮಧ್ಯಾಹ್ನ ಹಿತ್ತಲ ತಂತಿ ಬೇಲಿಯ ಆಚೆ, ರಸ್ತೆಯ ಬದಿಯಲ್ಲಿ ಗಂಡ ಬಾಟಲಿ ಹಿಡಿದು ನಿಂತಿದ್ದರು. ದೊರೆ ಹೊಸಬನನ್ನೂ ಎಳೆದುಕೊಂಡು ಬೇಲಿಗೆ ಹೋಗಿ ಎದೆಯೊಡ್ಡಿ ನಿಂತಿತು. ಇವರು ತಂತಿಯ ಸಂದಿಯಲ್ಲಿ ಕೈ ತೂರಿಸಿ ಅಂಗಿ ನೆನೆಸಿದರು. ಸಂಬಳ ಬರುತ್ತಿದ್ದಾಗ ಒಂದು ದಿನವೂ ಬೇಗ ಹೊರಡದ ಮನುಷ್ಯ ಈಗ ಬಿಟ್ಟಿ ಕೆಲಸಕ್ಕೆ ಊಟ ಬಿಟ್ಟು ಹೊರಡುತ್ತಿದ್ದರು. ಹೊಸಬ ನೋಡಿಯೂ ನೋಡದವನಂತೆ ಬೀಡಿ ಸೇದುತ್ತಿದ್ದ.

ಹೀಗೇ ಒಂದು ವಾರ ನಡೆದಿರಬೇಕು. ಒಂದು ಮಧ್ಯಾಹ್ನ ಮ್ಯಾನೇಜರು ಯಾರೋ ಅತಿಥಿಗಳಿಗೆ ಗೋದಾಮು ತೋರಿಸುತ್ತಾ ಹಿತ್ತಲಿಗೆ ಬಂದುಬಿಟ್ಟರು. ಬೇಲಿಯೊಳಗೆ ಹೊರಗಿನವನ ಕೈ. ಅದನ್ನು ನೆಕ್ಕುತ್ತಾ ಬಾಲ ಅಲ್ಲಾಡಿಸುತ್ತಿರುವ ಕಾವಲು ನಾಯಿ. ಅತಿಥಿಗಳಲ್ಲೊಬ್ಬರು ನಕ್ಕರು. ಮ್ಯಾನೇಜರ ಮುಖ ಕೆಂಪಾಯಿತು.

"ಹೊರಗಿನೋನು ಬೇಲಿಗೆ ಕೈ ಹಾಕಿದ್ರೆ ಬೊಗಳೋದು ಬಿಟ್ಟು ಬಾಲ ಅಲ್ಲಾಡಿಸತ್ತಲ್ಲ! ಕಂಪನಿ ಅನ್ನ ತಿಂದು ಕಂಪನಿ ಅಂಗಿ ಹಾಕ್ಕೊಂಡು... ಈ ನಾಯಿಗೆ ನಿಯತ್ತಿದೆಯೇನ್ರೀ?"

ಗಂಡ ಬೇಲಿಯಾಚೆ ಕೈಕಟ್ಟಿ ನಿಂತು, "ಸ್ವಲ್ಪಾನೂ ಇಲ್ಲ ಸರ್" ಎಂದರು.

"ಮೊದಲಿಂದ್ಲೂ ಇರ್ಲಿಲ್ಲ ಸರ್!" ಎಂದು ನಾನು ಕಿಟಕಿಯಿಂದ ಕೂಗಿದೆ. ಶೆಡ್ಡಿನ ಅಷ್ಟೂ ಹೆಂಗಸರು ಹೌದು ಹೌದು ಎಂದು ದನಿಗೂಡಿಸಿದರು.

"ನಿಯತ್ತಿಲ್ಲದ ನಾಯಿ ನಮಗೆ ಬೇಡ. ಇವತ್ತೇ ಹೊರಗೆ ಹಾಕಿ" ಎಂದರು ಮ್ಯಾನೇಜರು. ಅಂಗಿ ಕಂಪನಿಯದು, ಅದನ್ನು ಬಿಚ್ಚಿಸಿಕೊಂಡರು.

ಹಿಂಬಾಗಿಲಿನಿಂದ ದೊರೆಯನ್ನು ಹೊರಗೆ ದೂಡಿದಾಗ ಬಿಸಿಲು ನೆತ್ತಿಯ ಮೇಲಿತ್ತು, ಡಾಂಬರು ಕಾದಿತ್ತು. ಗಂಡ ರಸ್ತೆಯಲ್ಲೇ ತಮ್ಮ ಶರಟು ಬಿಚ್ಚಿ, ಬಾಟಲಿಯ ನೀರನ್ನೆಲ್ಲ ಅದರ ಮೇಲೆ ಸುರಿದು, ದೊರೆಯ ಮೈಗೆ ಸುತ್ತಿ ಹೊಟ್ಟೆಯ ಕೆಳಗೆ ಗುಂಡಿ ಹಾಕಿದರು. ಆಮೇಲೆ ಬನಿಯನ್ನಿನಲ್ಲೇ ನೆರಳು ಹುಡುಕಿಕೊಂಡು ಮನೆಯ ಕಡೆ ಹೊರಟರು. ಆ ಶರಟಿನ ಬೆನ್ನಿನ ಮೇಲೆ ಯಾರ ಹೆಸರೂ ಇರಲಿಲ್ಲ, ಎಷ್ಟು ಬೇಕಾದರೂ ನೆನೆಸಬಹುದಿತ್ತು.